ಅಣಸಿನ ಮೇಲಿನ ಬೆಳ್ಳಿ ಹಕ್ಕಿ

"ಗುರುಗಳೇ, ವಾದದಲ್ಲಿ ಅಲಂಕಾರ ಎಷ್ಟಿರಬೇಕು?" ಎಂದು ಶಿಷ್ಯ ಕೇಳಿದ.

ಮರುದಿನ ಅವನು ಪಕ್ಕದ ಮಠದ ಪಂಡಿತನೊಡನೆ ವಾದಕ್ಕೆ ಕೂರಬೇಕಿತ್ತು. ಸೋತವನು ತನ್ನ ಮಠ ಬಿಟ್ಟು ಗೆದ್ದವನ ಶಿಷ್ಯನಾಗಬೇಕೆಂಬುದು ಕರಾರು. ಶಿಷ್ಯ ಹದಿನೈದು ದಿನ ಕೂತು ಪೀಠಿಕೆಗೆಂದೇ ಹನ್ನೆರಡು ಪದ್ಯ ಕಟ್ಟಿದ್ದ. ವಾದವನ್ನು ಇನ್ನೂ ಯೋಚಿಸಿರಲಿಲ್ಲ.

ಗುರುಗಳು ಪದ್ಯಗಳನ್ನು ಕೇಳಿದರು. ಹನ್ನೊಂದನೆಯದಕ್ಕೆ ಆಕಳಿಸಿದರು. "ಸಾಕು, ಈಗ ನನ್ನದು ಕೇಳು," ಎಂದು ಈ ಕತೆ ಹೇಳಿದರು.

ಹಿಂದೆ ಚೀನಾ ದೇಶದ ಒಂದು ಕೋಟೆಯ ಬಾಗಿಲಿಗೆ ಒಬ್ಬ ಕಾವಲುಗಾರನಿದ್ದ. ಅವನ ಕೈಯಲ್ಲೊಂದು ಭರ್ಜಿ. ನಾವು ಒನಕೆಯ ಬುಡ ಸವೆಯದಿರಲೆಂದು ಲೋಹದ ಕಟ್ಟು, ಅಂದರೆ ಅಣಸು, ಹಾಕಿಸುತ್ತೇವಲ್ಲ, ಅಲ್ಲಿ ಭರ್ಜಿಯ ಕೋಲಿನ ಬುಡಕ್ಕೂ ಹಾಗೆಯೇ ಕಂಚಿನ ಅಣಸು ಹಾಕಿಸುತ್ತಿದ್ದರು. ಎಲ್ಲರ ಅಣಸೂ ಬೋಳು. ಇವನಿಗೆ ಅದು ಸಾಲಲಿಲ್ಲ. ಕಂಚುಗಾರನ ಹತ್ತಿರ ಹೋಗಿ, ಅಣಸಿನ ಮೇಲೊಂದು ಬೆಳ್ಳಿಯ ಹಕ್ಕಿ ಬೇಕು ಎಂದ.

"ಅಯ್ಯಾ, ಅದು ಕೆಸರಿಗೆ ಊರುವ ಕಡೆ. ಮೇಲಿನ ಅಲಗು ಮೊಂಡಾಗಿದೆ, ಅದನ್ನು ಮಸೆದು ಕೊಡಲೇ?" ಎಂದ ಕಂಚುಗಾರ.

"ಅಲಗನ್ನು ಯಾರು ನೋಡುತ್ತಾರೆ, ಬಿಡು," ಎಂದ ಕಾವಲುಗಾರ.

ಕಂಚುಗಾರ ಮೂರು ತಿಂಗಳು ಕೂತ. ಕಂಚಿನಲ್ಲಿ ಸಣ್ಣ ಸಣ್ಣ ಗೀರು ತೋಡಿ, ಒಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಉಜ್ಜಿ ಉಜ್ಜಿ ನಯ ಮಾಡಿದ. ಹಕ್ಕಿ ಎಂದರೆ ಹಕ್ಕಿ! ಒಂದೊಂದು ಗರಿಯೂ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಕೆಲಸ ಅಚ್ಚುಕಟ್ಟಾಗಿತ್ತು.

ಅಂದಿನಿಂದ ಅವನು ಭರ್ಜಿಯನ್ನು ನೆಲಕ್ಕೆ ಊರುವುದನ್ನೇ ಬಿಟ್ಟ. ಕಾವಲು ನಿಂತಾಗ ತನ್ನ ಪಾದದ ಮೇಲೆ ಊರಿಕೊಳ್ಳುತ್ತಿದ್ದ. ಹೆಬ್ಬೆರಳು ಬಾತುಕೊಂಡಿತು. ಯಾರಾದರೂ ಬಂದರೆ ಸಾಕು, ಭರ್ಜಿಯನ್ನು ತಿರುಗಿಸಿ ಅಣಸನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಸೊಪ್ಪು ಮಾರುವವಳು ಕೂಡ, "ಆಯ್ತಪ್ಪಾ, ಹಕ್ಕಿ ಚೆನ್ನಾಗಿದೆ. ಈಗಲಾದರೂ ದಾರಿ ಬಿಡು," ಎಂದು ಗದರಿದಳು.

ಒಂದು ಬೆಳಿಗ್ಗೆ ಶತ್ರುಗಳ ದಂಡು ಬಂತು. ಊರಿನ ಜನ ಇನ್ನೂ ಗಂಜಿ ಕುಡಿಯುತ್ತಿದ್ದರು. ಬಾಗಿಲು ತೆರೆದೇ ಇತ್ತು, ಆದರೆ ಕಿರಿದು. ಒಬ್ಬನು ಭರ್ಜಿ ಹಿಡಿದು ಅಡ್ಡ ನಿಂತರೂ ಉಳಿದವರು ಎದ್ದು ಬರುವಷ್ಟು ಹೊತ್ತು ತಡೆಯಬಹುದಿತ್ತು. ಊರು ಉಳಿಯುವುದು ಅವನೊಬ್ಬನ ಕೈಯಲ್ಲಿತ್ತು.

ದಂಡನಾಯಕನ ನಡುಪಟ್ಟಿಯ ಕೊಕ್ಕೆಯಲ್ಲೂ ಬೆಳ್ಳಿಯ ಕೆಲಸವಿತ್ತು. ಕಾವಲುಗಾರನಿಗೆ ಮೊದಲು ಕಂಡದ್ದು ಅದೇ. ಇವನು ಕೆಲಸದ ಬೆಲೆ ಬಲ್ಲವನು ಎಂದುಕೊಂಡ. ಅಭ್ಯಾಸ ಬಿಡುತ್ತದೆಯೇ? ಅಲಗನ್ನು ತನ್ನ ಕಡೆ ತಿರುಗಿಸಿ ಅಣಸನ್ನು ಮುಂದೆ ಚಾಚಿದ.

ನಾವು ಕುಡುಗೋಲು ಕೊಡುವಾಗ ಹಿಡಿಯನ್ನು ಮುಂದೆ ಮಾಡುತ್ತೇವೆ. ಆ ದೇಶದಲ್ಲಿ ಆಯುಧ ಒಪ್ಪಿಸುವವರು ಅಣಸನ್ನು ಮುಂದೆ ಮಾಡುತ್ತಾರೆ.

ದಂಡನಾಯಕ ಬೆಪ್ಪಾದ. ಒಂದು ಬಾಣವನ್ನೂ ಬಿಟ್ಟಿಲ್ಲ, ಊರು ಶರಣಾಗುತ್ತಿದೆ! ಕುದುರೆಯಿಂದ ಇಳಿದು, ತಲೆಬಾಗಿ, ಎರಡೂ ಕೈಯಲ್ಲಿ ಭರ್ಜಿ ತೆಗೆದುಕೊಂಡ. "ಆಹಾ, ಎಂಥ ಹಕ್ಕಿ!" ಎಂದ.

"ಬೆಳ್ಳಿ ಸ್ವಾಮಿ, ಅಪ್ಪಟ ಬೆಳ್ಳಿ," ಎಂದ ಕಾವಲುಗಾರ. ಹಿಗ್ಗಿನಿಂದ ಅವನ ಕಣ್ಣು ತುಂಬಿತು. ಹಿಂದಿನ ಕುದುರೆಗಳಿಗೆ ತಾನೇ ಪಕ್ಕಕ್ಕೆ ಸರಿದು ದಾರಿಯನ್ನೂ ಬಿಟ್ಟ.

ಎಲ್ಲ ಮುಗಿದ ಮೇಲೆ ದಂಡನಾಯಕ ಭರ್ಜಿಯನ್ನು ಧಪ್ಪನೆ ಕೆಸರಿಗೆ ಊರಿದ. ಆಗ ಕಾವಲುಗಾರ "ಅಯ್ಯಯ್ಯೋ, ಹೋಯಿತಲ್ಲಾ!" ಎಂದು ಎದೆ ಬಡಿದುಕೊಂಡ. ಪಾಪ, ಊರಿಗಾಗಿ ಅಳುತ್ತಿದ್ದಾನೆ ಎಂದುಕೊಂಡು ಜನ ಅವನಿಗೇ ಸಮಾಧಾನ ಹೇಳಿದರು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ದಡ್ಡ, ಗುರುಗಳೇ!" ಎಂದ.

ಗುರುಗಳು ನಗಲಿಲ್ಲ. "ನಾಳೆ ನಿನ್ನ ಪದ್ಯಕ್ಕೆ ಆ ಪಂಡಿತ 'ಆಹಾ' ಎಂದ ಕೂಡಲೇ, ನಿನ್ನ ಕೈಯಲ್ಲಿ ಏನು ಉಳಿದಿದೆ ನೋಡಿಕೋ," ಎಂದರು.