ಬರುವವರ ಮಣೆ

"ಬುದ್ಧಿ, ಊರೆಲ್ಲ ಒಂದೇ ಬಾಯಿಂದ ಬೇಡ ಅನ್ನುವಾಗ ನಾನೂ ಬೇಡ ಅಂದರೆ ಅದು ನ್ಯಾಯ ತಾನೇ?" ಎಂದು ಮರಿಸ್ವಾಮಿ ಕೇಳಿದ.

ಮರಿಸ್ವಾಮಿ ಆ ವರ್ಷ ಪಟ್ಟಣ ಪಂಚಾಯಿತಿಗೆ ಸದಸ್ಯನಾಗಿ ಆರಿಸಿ ಬಂದಿದ್ದ. ಊರ ಹೊರಗಿನ ಬಯಲಿನಲ್ಲಿ ಮನೆಗಳ ಬಡಾವಣೆ ಮಾಡಲು ಯಾರೋ ಅನುಮತಿ ಕೇಳಿದ್ದರು. ಮರುದಿನ ಸಭೆಯಲ್ಲಿ ಅದರ ತೀರ್ಮಾನವಾಗಬೇಕಿತ್ತು. ಮಠದ ಸ್ವಾಮಿಗಳು ಅವನ ಮುಖವನ್ನು ಒಮ್ಮೆ ನೋಡಿದರು. "ಕೂತುಕೊಳ್ಳಪ್ಪ. ನ್ಯಾಯವೋ ಅಲ್ಲವೋ ಆಮೇಲೆ ನೋಡೋಣ. ಮೊದಲು ನಮ್ಮ ತಾಯಿಯ ತವರೂರಿನ ಒಂದು ಸಂಗತಿ ಕೇಳು" ಎಂದರು. ತಾಯಿಯ ತವರಿನ ಮಾತು ಬಂದರೆ ಸ್ವಾಮಿಗಳ ಎದೆ ಉಬ್ಬುತ್ತಿತ್ತು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಅದೇನು ದೊಡ್ಡ ಊರಲ್ಲಪ್ಪ. ಆದರೆ ಆ ಊರಿನ ಸಭೆ ಇತ್ತಲ್ಲ, ಅದರ ಗತ್ತೇ ಬೇರೆ. ಎಲ್ಲಿ ಉಳಬೇಕು, ಎಲ್ಲಿ ಮನೆ ಕಟ್ಟಬೇಕು ಎನ್ನುವುದನ್ನು ಸಭೆಯೇ ತೀರ್ಮಾನಿಸುತ್ತಿತ್ತು. ಯಾರಾದರೂ ಹೊಲದಲ್ಲಿ ಮನೆಗಳನ್ನು ಕಟ್ಟುತ್ತೇನೆ ಎಂದು ಕೇಳಿಕೊಂಡು ಬಂದರೆ ಸಭೆಯ ನಡುವೆ ಒಂದು ಮಣೆ ಹಾಕುತ್ತಿದ್ದರು. ಅದಕ್ಕೆ ಬರುವವರ ಮಣೆ ಎಂದು ಹೆಸರು. ಊರಿನವರು ತಮ್ಮ ಮಾತು ತಾವು ಆಡುತ್ತಾರೆ. ಕಟ್ಟಿಸುವವನು ತನ್ನ ಮಾತು ತಾನು ಆಡುತ್ತಾನೆ. ಆ ಮನೆಗಳಿಗೆ ಬಂದು ಬಾಳುವವರ ಮಾತು ಆಡುವವರು ಯಾರು? ಅವರಿನ್ನೂ ಬಂದೇ ಇಲ್ಲವಲ್ಲ! ಅವರ ಪರವಾಗಿ ಒಬ್ಬರನ್ನು ಆ ಮಣೆಯ ಮೇಲೆ ಕೂರಿಸುತ್ತಿದ್ದರು. ಯಾರನ್ನು ಗೊತ್ತೇನು? ಎಲ್ಲರಿಗಿಂತ ಜೋರಾಗಿ ಬೇಡ ಅಂದವರನ್ನೇ. ಅವರು ಮೊದಲು ಒಂದು ಹಗಲನ್ನು ಆ ಜಾಗದಲ್ಲಿ ಕಳೆದು ಬರಬೇಕು. ಆಮೇಲೆ ಮಣೆಯ ಮೇಲೆ ಇರುವಷ್ಟು ಹೊತ್ತು ಅವರು ಊರಿನವರಲ್ಲ, ಬರುವವರು. ಉಣ್ಣುವ ಅನ್ನದ ಮೇಲೆ ಆಣೆ ಇಟ್ಟು ಕೂರಬೇಕು.

ಒಮ್ಮೆ ಒಬ್ಬ ವ್ಯಾಪಾರಿ ಊರ ಪಕ್ಕದ ಬೀಳು ಹೊಲವನ್ನು ಕೊಂಡ. ಅಲ್ಲಿ ಸಾಲುಮನೆಗಳನ್ನು ಕಟ್ಟಿ ಮಾರುತ್ತೇನೆ ಎಂದು ನಕ್ಷೆ ಬರೆಸಿಕೊಂಡು ಬಂದ. ಮನೆಗಳು, ಬೀದಿಗಳು, ಮಧ್ಯದಲ್ಲಿ ಒಂದು ಗುಡಿ, ಸುತ್ತ ಎತ್ತರದ ಗೋಡೆ, ಅದಕ್ಕೊಂದೇ ಬಾಗಿಲು. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಹೊಲಕ್ಕೆ ತಗುಲಿಕೊಂಡಂತೆ ಒಬ್ಬ ಹೂವಿನವನ ತೋಟವಿತ್ತು. ತೋಟದ ಒಂದು ಅಂಚು ಹಳ್ಳದವರೆಗೂ ಇಳಿದಿತ್ತು. ಆ ಅಂಚಿನುದ್ದಕ್ಕೂ ಮಲ್ಲಿಗೆಯ ಸಾಲು. ಅವನ ಮನೆ ನಡೆಯುತ್ತಿದ್ದದ್ದೇ ಆ ಸಾಲಿನಿಂದ. ಊರಿನ ಯಾವ ಮದುವೆಗಾದರೂ ಅವನ ಮಲ್ಲಿಗೆಯೇ ಆಗಬೇಕು, ಇಲ್ಲದಿದ್ದರೆ ಹೆಣ್ಣಿನ ಕಡೆಯವರು ಮುಖ ಸಿಂಡರಿಸುತ್ತಿದ್ದರು. ಹೀಗಾಗಿ ಅವನಿಗೆ ಸ್ವಲ್ಪ ಜಂಬ. ಬಾಯಿಯೂ ಜೋರು. "ಹೊರಗಿನವರು ಬಂದು ತುಂಬಿಕೊಂಡರೆ ನಮ್ಮ ಬಾವಿ ಬತ್ತಿಹೋಗುತ್ತದೆ, ನಮ್ಮ ಬೀದಿಯಲ್ಲಿ ನಮಗೇ ಜಾಗ ಇರುವುದಿಲ್ಲ" ಎಂದು ಕೂಗಾಡಿದ. ಊರೆಲ್ಲ ಹೌದು ಹೌದು ಎಂದಿತು.

ಸಭೆಯ ಯಜಮಾನಿ ಒಬ್ಬ ಮುದುಕಿ. ಅವಳು ನಕ್ಕು, "ಹಾಗಾದರೆ ಮಣೆ ನಿನ್ನದೇ ಕಣಪ್ಪ" ಎಂದಳು.

ಹೂವಿನವನಿಗೆ ಒಳಗೊಳಗೇ ಖುಷಿಯಾಯಿತು. ಬರುವವರ ಬಾಯಿಂದಲೇ ಬರುವುದಿಲ್ಲ ಎಂದು ಹೇಳಿಸಿಬಿಟ್ಟರೆ ಕತೆ ಮುಗಿಯಿತಲ್ಲ ಎಂದುಕೊಂಡ. ಮರುದಿನ ಬೆಳಗ್ಗೆಯೇ ಹೊಲಕ್ಕೆ ಹೋಗಿ, ಕಂತ್ರಿ ಜಾಗ ಎಂದು ಹೇಳಲು ಏನೇನಿದೆ ಎಂದು ಹುಡುಕಿದ. ಏನೂ ಸಿಗಲಿಲ್ಲ. ನೆಲ ಗಟ್ಟಿಯಾಗಿತ್ತು. ಶಾಲೆ ಹತ್ತಿರ, ಸಂತೆ ಹತ್ತಿರ. ಅಗೆದರೆ ಸಿಹಿನೀರು ಸಿಗುತ್ತದೆ ಎಂದು ಅವನಿಗೇ ಗೊತ್ತಿತ್ತು. ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಅದೇ ಹೊತ್ತಿಗೆ ಒಂದು ಮಳೆ ಹೊಡೆಯಿತು. ಮೇಲಿನ ಹೊಲಗಳ ನೀರೆಲ್ಲ ಇಳಿದು ಬಂದು ಒಂದು ಮೂಲೆಯಲ್ಲಿ ನಿಂತುಕೊಂಡಿತು. ನಕ್ಷೆಯ ಪ್ರಕಾರ ಆ ಮೂಲೆಯಲ್ಲಿ ಒಂದು ಸಾಲು ಮನೆಗಳಿದ್ದವು.

"ಅಯ್ಯೋ ಶಿವನೇ, ಇಲ್ಲೊಬ್ಬ ಬಾಣಂತಿ ಇದ್ದರೆ ಮಗು ಎತ್ತಿಕೊಂಡು ಎಲ್ಲಿಗೆ ಹೋಗಬೇಕು?" ಎಂದಳು ಹೆಂಡತಿ.

"ನೀನು ಯಾರ ಕಡೆ?" ಎಂದು ಅವನು ರೇಗಿದ.

"ನಾನು ಬಾಣಂತಿ ಕಡೆ" ಎಂದಳು ಅವಳು, ಬುತ್ತಿಯ ಗಂಟು ಬಿಚ್ಚುತ್ತಾ.

ಅವನು ತುತ್ತನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ. ನಿಂತ ನೀರು ಹೊರಗೆ ಹೋಗಲು ದಾರಿ ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಹುಡುಕಿತು. ದಾರಿ ಇದ್ದದ್ದು ಒಂದೇ ಕಡೆ, ಅವನ ಮಲ್ಲಿಗೆ ಸಾಲಿನ ಮೇಲೆ. ಅಲ್ಲಿ ಕಾಲುವೆ ತೋಡಿದರೆ ನೀರು ಸೀದಾ ಹಳ್ಳ ಸೇರುತ್ತದೆ. ಇದು ವ್ಯಾಪಾರಿಗೆ ಗೊತ್ತಿಲ್ಲ, ಸಭೆಗೂ ಗೊತ್ತಿಲ್ಲ. ನೀರು ನಿಲ್ಲುವ ಜಾಗ, ಬಾಳಲು ಯೋಗ್ಯವಲ್ಲ ಎಂದು ಒಂದು ಮಾತು ಹೇಳಿದರೆ ಸಾಕು. ಮಲ್ಲಿಗೆ ಉಳಿಯುತ್ತದೆ, ಊರೂ ಹೊಗಳುತ್ತದೆ.

ಸಭೆ ಸೇರಿತು. ಹೂವಿನವನು ಅನ್ನದ ಮೇಲೆ ಆಣೆ ಇಟ್ಟು ಮಣೆಯ ಮೇಲೆ ಕೂತ. ಯಜಮಾನಿ ಕೇಳಿದಳು, "ಬರುವವನೇ, ಈ ಜಾಗದಲ್ಲಿ ಬಾಳುತ್ತೀಯಾ?"

ಇಲ್ಲ ಎನ್ನಲು ಬಾಯಿ ತೆರೆದ. ಆ ಮಾತು ಹೊರಗೆ ಬರಲೇ ಇಲ್ಲ. ಬಂದದ್ದೇ ಬೇರೆ.

"ಬಾಳುತ್ತೇನೆ. ಒಳ್ಳೆಯ ಜಾಗ. ಆದರೆ ತಗ್ಗಿನ ಮೂಲೆಯಲ್ಲಿ ಮನೆ ಬೇಡ. ಗೋಡೆಗೆ ಊರ ಕಡೆ ಇನ್ನೊಂದು ಬಾಗಿಲು ಇಡಿ, ನಮ್ಮ ಮನೆಯಲ್ಲಿ ಸಾವಾದರೆ ಚಟ್ಟಕ್ಕೆ ಹೆಗಲು ಕೊಡುವವರು ಊರಿನಿಂದ ಬರಬೇಕು. ನೀರಿಗೆ ಒಂದು ಕಾಲುವೆ ಬೇಕು. ಅದು ಆ ಹೂವಿನವನ ಮಲ್ಲಿಗೆ ಸಾಲಿನಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಆ ಆಸಾಮಿ ಮಹಾ ಜಗಳಗಂಟ. ಆದರೂ ನಮ್ಮ ಪರವಾಗಿ ಕೇಳಿ ನೋಡಿ."

ಅವನು ಮಣೆಯಿಂದ ಎದ್ದು, ತನ್ನ ಜಾಗಕ್ಕೆ ಹೋಗಿ, ಹೆಗಲ ಮೇಲಿನ ಟವೆಲನ್ನು ಕೊಡವಿ ಹಾಕಿಕೊಂಡು ನಿಂತ. ಯಜಮಾನಿ ಅವನತ್ತ ತಿರುಗಿ, "ಹೂವಿನವನೇ, ಬರುವವರು ಕೇಳುತ್ತಿದ್ದಾರೆ. ಬಿಡುತ್ತೀಯಾ?" ಎಂದಳು.

"ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವ ಮನೆತನವೇ ನಮ್ಮದು? ಅಗೆಯಲಿ" ಎಂದ ಅವನು. ತಲೆ ನೆಟ್ಟಗೇ ಇತ್ತು. ಹೆಂಗಸರ ಗುಂಪಿನಲ್ಲಿ ಅವನ ಹೆಂಡತಿ ಕಣ್ಣೊರೆಸಿಕೊಂಡು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು, ನೋಡಿದಿರಾ ನಮ್ಮ ಯಜಮಾನರನ್ನು ಎನ್ನುವ ಹಾಗೆ.

ಆಮೇಲೆ ಇನ್ನೇನಿದೆ? ತಗ್ಗಿನ ಮನೆಗಳನ್ನು ಕೈಬಿಟ್ಟು, ಊರ ಕಡೆಗೊಂದು ಬಾಗಿಲು ಇಡು, ಕಾಲುವೆ ನಿನ್ನ ಖರ್ಚಿನಲ್ಲಿ, ಹೂವಿನವನಿಗೆ ಮೇಲುಭಾಗದಲ್ಲಿ ಅಷ್ಟೇ ನೆಲ ಕೊಡು ಎಂದು ಸಭೆ ವ್ಯಾಪಾರಿಗೆ ಹೇಳಿತು. ಅವನು ಗೊಣಗಿದ, ತಲೆ ಕೆರೆದುಕೊಂಡ, ಒಪ್ಪಿದ. ಹೂವಿನವನ ಹೊಸ ಸಾಲು ಹಳೆಯದರಷ್ಟು ಚೆನ್ನಾಗಿ ಬರಲೇ ಇಲ್ಲ, ಅದೂ ನಿಜ. ಆದರೆ ಆ ಮನೆಗಳಲ್ಲಿ ಒಂದು ಹನಿ ನೀರು ನಿಂತದ್ದನ್ನು ಯಾರೂ ಕಂಡಿಲ್ಲ. ಅಂಥ ಊರಿನ ಮಗಳ ಮಗ ಕಣಯ್ಯ ನಾನು!

ಸ್ವಾಮಿಗಳು ಕತೆ ನಿಲ್ಲಿಸಿದರು. ಮರಿಸ್ವಾಮಿಯ ಮುಖವೂ ಅರಳಿತ್ತು. "ಎಂಥ ಸಭೆ ಬುದ್ಧಿ! ಹಾಗಾದರೆ ನಾಳೆ ನಾನು ಆಗಲಿ ಅನ್ನಲೇ, ಬೇಡ ಅನ್ನಲೇ?" ಎಂದು ಕೇಳಿದ.

"ಯಾವುದನ್ನಾದರೂ ಅನ್ನು ಮರಿಸ್ವಾಮಿ, ಅದಕ್ಕೆ ಮುಂಚೆ ಆ ಬಯಲಿಗೆ ತಗುಲಿದ ಹೊಲ ನಿನ್ನದೇ ಎಂದು ಸಭೆಗೆ ಹೇಳಿಬಿಡು" ಎಂದರು ಸ್ವಾಮಿಗಳು.