ಹೋಗೆಂದರೂ ಅನುಮಾನ, ಇರೆಂದರೂ ಅನುಮಾನ

ಮಲಪ್ರಭೆಯ ದಂಡೆಯಲ್ಲಿ ಮುರಿಗಯ್ಯ ಎಂಬ ನಾಡಿವೈದ್ಯರ ಆಶ್ರಮವಿತ್ತು. ಅವರ ಕಷಾಯ ಎಂಥದೆಂದರೆ, ಒಲೆಯ ಮೇಲೆ ಒಂದು ಕುದಿ ಬಂದದ್ದೇ ತಡ, ಆಚೆ ದಂಡೆಯ ಕೆಮ್ಮೆಲ್ಲ ಹೊಳೆ ದಾಟದೆ ಹಾಗೇ ಹಿಂದಿರುಗುತ್ತಿತ್ತು. ನಂಬದವರು ಆಚೆ ದಂಡೆಗೆ ಹೋಗಿ ಕೆಮ್ಮನ್ನೇ ಕೇಳಿಕೊಳ್ಳಬಹುದು.

ಇಂಥ ಗುರುವಿಗೆ ಹಗುರ ಶಿಷ್ಯ ಸಾಲುವುದಿಲ್ಲ. ಇಂದುಧರ ಸಿಕ್ಕಿದ್ದ.

ಅನುಮಾನದಲ್ಲಿ ಅವನನ್ನು ಮೀರಿಸುವವರು ಸುತ್ತಲ ಯಾವ ಹಳ್ಳಿಯಲ್ಲೂ ಇರಲಿಲ್ಲ. ನೆರಳು ಹಿಂದೆ ಬಂದರೆ ನಿಂತು, ಯಾಕೆ ಬಂದೆ ಎಂದು ವಿಚಾರಿಸಿಕೊಳ್ಳುವವನು. ಮಜ್ಜಿಗೆ ತೆಳ್ಳಗಿದ್ದರೆ ಎಮ್ಮೆಯ ಮುಖವನ್ನೇ ದಿಟ್ಟಿಸುವವನು.

ಕಷಾಯಕ್ಕೆ ಬಗ್ಗದ ರೋಗ ಬಂದರೆ ಮುರಿಗಯ್ಯನವರೇ ಹುಬ್ಬಳ್ಳಿಯ ದವಾಖಾನೆಗೆ ಕಳಿಸುತ್ತಿದ್ದರು. ರೋಗಿಯ ಜೊತೆ ಹೋದ ಇಂದುಧರ ಬೇಗ ಹಿಂದಿರುಗುತ್ತಿರಲಿಲ್ಲ. ಆಪರೇಷನ್ ಕೋಣೆಯ ಬಾಗಿಲ ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದ. ಒಳಗೆ ಏನೇನು ಮುಚ್ಚಿಡುತ್ತಾರೋ ನೋಡಬೇಕಲ್ಲ ಎಂದು ಹೇಳಿಕೊಳ್ಳುತ್ತಿದ್ದ.

ನೀಟ್ ಪಾಸಾಗಿದ್ದರೂ ಇಲ್ಲಿ ಸೀಟಿಗೆ ಅಂಕ ಸಾಲದ ಈ ಇಂದುಧರನಿಗೆ ಕಡೆಗೆ ದೂರದ ಚಳಿದೇಶವೊಂದರ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬರುವುದಾದರೆ ಮರುದಿನ ಸಂಜೆಯೊಳಗೆ ಹ್ಞೂಂ ಎನ್ನಬೇಕು. ಇಲ್ಲವಾದರೆ ಬೇರೆಯವರ ಪಾಲು.

ಸೀಟು ಕೊಡಿಸಿದ ಏಜೆಂಟ್ ತೋರಿಸಿದ ಫೋಟೊದಲ್ಲಿ ವಿದ್ಯಾರ್ಥಿಗಳೆಲ್ಲ ನಗುತ್ತಿದ್ದರು. ಡಾಕ್ಟರಿಕೆ ಓದುವವರು ಇಷ್ಟು ನಗುವುದುಂಟೇ? ಅಲ್ಲಿಗೆ ಮೊದಲ ಅನುಮಾನ.

ಆ ಕಾಲೇಜಿನಲ್ಲೇ ಓದುತ್ತಿದ್ದ ಗದಗಿನ ಹುಡುಗಿಗೆ ಫೋನು ಮಾಡಿದ. ಊಟ ಸಪ್ಪೆ, ಪಾಠ ಚಲೋ, ಓದಿ ಬಂದ ಮೇಲೆ ಇಲ್ಲಿ ಇನ್ನೊಂದು ಪರೀಕ್ಷೆ ಕಟ್ಟಬೇಕು, ತನ್ನ ಅಕ್ಕ ಅದನ್ನೂ ಪಾಸಾಗಿ ಈಗ ಊರಲ್ಲೇ ರೋಗಿಗಳನ್ನು ನೋಡುತ್ತಾಳೆ ಎಂದಳು. ನಂಬಿಸಲೆಂದೇ ಸಪ್ಪೆ ಊಟದ ದೂರು ಬೆರೆಸಿದ್ದಾಳೆ ಎಂದುಕೊಂಡು ಇಂದುಧರ ಫೋನಿಟ್ಟ.

ಅಪ್ಪ ಹೋಗು ಅಂದ. ನೆಂಟರೆದುರು ಮೀಸೆ ತಿರುವಲಿಕ್ಕೆ. ಅವ್ವ ಬೇಡ ಅಂದಳು. ಸೋದರಮಾವನ ಮಗಳನ್ನು ಗಂಟುಹಾಕಲಿಕ್ಕೆ.

ಅನುಮಾನಕ್ಕೆ ಸಿಗದೆ ಉಳಿದವರು ಗುರುಗಳೊಬ್ಬರೇ. ಅವರ ಮಾತಿನಂತೆ ನಡೆಯುವುದೆಂದು ಬೆಳಿಗ್ಗೆ ಹೊಳೆಯ ಮೆಟ್ಟಿಲಿಗೆ ಹೋದ. ಮುರಿಗಯ್ಯನವರು ಅಳಲೆಕಾಯಿ ಒಣಹಾಕುತ್ತಿದ್ದರು.

“ಅಜ್ಜಾರ, ಹೋಗ್ಲೋ ಬ್ಯಾಡೋ?”

“ಹೋಗು.”

ತಲೆಯನ್ನೂ ಎತ್ತಲಿಲ್ಲ. ಇಷ್ಟು ಬೇಗ? ಇಂದುಧರನ ತಲೆಯಲ್ಲಿ ಹುಳ ಹೊಕ್ಕಿತು. ಮೊನ್ನೆ ತಾನೇ ನರಗುಂದದ ಹೊಸಬನೊಬ್ಬ ಶಿಷ್ಯನಾಗುತ್ತೇನೆಂದು ಬಂದು ಹೋಗಿದ್ದ. ತನ್ನ ಒರಳು, ತನ್ನ ಚಾಪೆ ಅವನಿಗೆ ಕೊಡುವ ಹುನ್ನಾರ ಇದು. ಮಧ್ಯಾಹ್ನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದ. ಮತ್ತೆ ಹೋದ.

“ನಾ ಹೋದ್ರ ನಿಮಗೇನೂ ಅನ್ಸೂದಿಲ್ಲೇನ್ರಿ?”

“ಹಂಗಾದ್ರ ಇರು.”

ಈಗ ಇನ್ನಷ್ಟು ಹುಷಾರಾದ. ಇರಬೇಕಂತೆ. ಇರದೆ ಏನು, ಹೊಳೆಯಿಂದ ನೀರು ಹೊರುವವರು ಬೇಕಲ್ಲ. ಬಿಟ್ಟಿ ಆಳು ಸಿಕ್ಕರೆ ಬಿಡುವ ಗುರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಹೊತ್ತು ಇಳಿಯತೊಡಗಿತು. ಏಜೆಂಟ್ ಫೋನು ಮಾಡಿ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಿನ್ನ ಹೆಸರು ತೆಗೆಯುತ್ತಾರೆ ಅಂದ. ಇಂದುಧರ ಗುರುಗಳ ಎದುರು ಬಂದು ಕೂತ. ಮುಲಾಜಿಲ್ಲದೆ, ನರಗುಂದದ ಹೊಸಬನಿಂದ ಹಿಡಿದು ನೀರಿನ ಕೊಡದವರೆಗೆ ಎಲ್ಲವನ್ನೂ ಒದರಿದ. ಮುರಿಗಯ್ಯನವರು ತಡೆಯದೆ ಕೇಳಿದರು.

“ಮುಗೀತೋ?”

“ಮುಗೀಲಿಲ್ರಿ. ನಿಮ್ಮ ಮನಸಿನ್ಯಾಗ ಏನೈತಿ, ಅದನ್ನ ಹೇಳ್ರಿ.”

“ಹೇಳಿದ್ರ ನಂಬ್ತೀಯೇನು?”

ಇಂದುಧರ ಯೋಚಿಸಿದ. “ಇಲ್ರಿ.”

ಗುರುಗಳು ಬಲಗೈ ಮುಂದೆ ಚಾಚಿದರು. “ಬಾಯಿ ಸುಳ್ಳು ಹೇಳೀತು. ನಾಡಿ ನೋಡು.”

ಅದು ಸರಿಯೆನಿಸಿತು. ಎಷ್ಟೆಂದರೂ ಮುರಿಗಯ್ಯನವರ ಶಿಷ್ಯ. ಆ ಆಶ್ರಮದಲ್ಲಿ ಕಲಿತವರು ಕೈ ಹಿಡಿದರೆ, ಹೋದ ಯುಗಾದಿಯ ಹೋಳಿಗೆಗೆ ಬೆಲ್ಲ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಹೇಳಬಲ್ಲವರು.

ಕಳ್ಳನ ಕೈ ಹಿಡಿದಂತೆ ಗುರುಗಳ ಮಣಿಕಟ್ಟನ್ನು ಮುಷ್ಟಿಯಲ್ಲಿ ಗಪ್ಪನೆ ಹಿಡಿದ. ಹೆಬ್ಬೆರಳಿನಿಂದ ಅದುಮಿ, ಕಣ್ಣು ಮುಚ್ಚಿದ.

ಬೆರಳ ತುದಿಯಲ್ಲಿ ನಾಡಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು.

“ಸಿಕ್ತು,” ಅಂದ.

“ಏನು ಹೇಳ್ತೈತಿ?”

“ಜೋರು ಓಡಾಕ ಹತ್ತೈತ್ರಿ. ಹೋಗಬೇಕಂತ ಜೀವ ಬಡಕೊಳ್ಳೋ ಮನುಷ್ಯಾಂದು ಇದು. ಆದ್ರ ಅಂಜಿಕಿ. ಅಲ್ಲಿ ಹೋಗಿ ಸೋತು ಬಂದ್ರ ಮಂದಿ ಏನಂತಾರೋ ಅಂತ ಅಂಜಿಕಿ. ಅದಕ್ಕ ಒಂದೊಂದು ನೆವ ಹುಡುಕಿಕೋತ ಕುಂತಾನ.”

ಕಣ್ಣು ತೆರೆದು, ಗೆದ್ದವನಂತೆ ಗುರುಗಳನ್ನು ನೋಡಿದ.

“ನೀವೂ ಒಂದು ಕಾಲಕ್ಕ ಹೊರಗ ಹೋಗಿ ಕಲೀಬೇಕಂತಿದ್ರಿ, ಹೌದಿಲ್ರಿ? ಅಂಜಿ ಇಲ್ಲೇ ಉಳದ್ರಿ. ಈಗ ನನ್ನ ಮ್ಯಾಲೆ ಹೊಟ್ಟಿಕಿಚ್ಚು.”

ಮುರಿಗಯ್ಯನವರು ಸಿಟ್ಟಾಗಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ತಮ್ಮ ಮಣಿಕಟ್ಟಿನ ಮೇಲೆ ಒತ್ತಿ ಕೂತಿದ್ದ ಶಿಷ್ಯನ ಬೆರಳನ್ನು ನೋಡಿದರು.

“ರೋಗ ಬರೋಬರಿ ಹೇಳಿದಿ, ತಮ್ಮಾ. ಆದ್ರ ಹೆಬ್ಬೆರಳಿಲೆ ಹಿಡದ್ರ ಬಡಿಯೂದು ಹಿಡದವನ ನಾಡಿ.”