ಪುಕ್ಕಟೆ ಡೇಟಾಬೇಸಿನ ಬೆಲೆ

"ಕೇಳಿರಿ, ಕೇಳಿರಿ! ಹತ್ತಿಕೋಟೆಯ ದೊರೆ ಸರ್ಜಪ್ಪನಾಯಕರ ಅಪ್ಪಣೆ! ಅರಮನೆಯ ವ್ಯಾಪಾರಕ್ಕೆ ಹೊಸ ಡೇಟಾಬೇಸ್ ಬೇಕಾಗಿದೆ. ಕಾಸು ಕೇಳದ, ಒಳಗುಟ್ಟನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಓಪನ್ ಸೋರ್ಸ್ ಡೇಟಾಬೇಸುಗಳನ್ನು ಬಲ್ಲವರು ಬರಲಿ. ರಾಜಕುಮಾರಿ ಸಿಂಗಾರದೇವಿ ಮೂರು ಒಗಟು ಹಾಕುವಳು. ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು, ಮಗಳನ್ನು ಕೊಟ್ಟು ಮದುವೆ. ತಪ್ಪಿದವನಿಗೆ ಸಾಯುವ ತನಕ ನೆಲಮಾಳಿಗೆಯ ಯಂತ್ರದ ಕೋಣೆ!"

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿದ. ಅರ್ಧ ರಾಜ್ಯ ಎಂದ ಮೇಲೆ ಮುಂದಿನದು ಯಾರ ಕಿವಿಗೂ ಬೀಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಮೊದಲ ಗುಂಪಿನಲ್ಲೇ ಓಡಿಹೋದವರಲ್ಲಿ ಹತ್ತಿ ಪೇಟೆಯ ಹಮಾಲ ಫಕೀರಪ್ಪನೂ ಒಬ್ಬ. ಹೋದವನು ತಿರುಗಿ ಬರಲಿಲ್ಲ.

ಅವನ ತಮ್ಮ ದ್ಯಾಮಣ್ಣನಿಗೆ ರಾಜ್ಯವೂ ಬೇಡ, ರಾಜಕುಮಾರಿಯೂ ಬೇಡ. ಅಣ್ಣ ಬೇಕಿತ್ತು. ಬೆಳಿಗ್ಗೆ ಹತ್ತಿಯ ಅಂಡಿಗೆ ಹೊತ್ತು, ಮಧ್ಯಾಹ್ನ ಅಡತಿ ಅಂಗಡಿಯ ಕಂಪ್ಯೂಟರಿಗೆ ತೂಕ ತುಂಬುವ ಹುಡುಗ ಅವನು. ಅಣ್ಣನಿಲ್ಲದ ಮನೆಯಲ್ಲಿ ರೊಟ್ಟಿ ಗಂಟಲಿಗಿಳಿಯದೆ ಒಂದು ದಿನ ಎದ್ದು ಅರಮನೆಗೆ ಹೊರಟೇಬಿಟ್ಟ.

ಸಭೆಯೊಳಗೆ ಕಾಲಿಟ್ಟದ್ದೇ ತಡ, ಹಿಂದೆ ಬಾಗಿಲು ಮುಚ್ಚಿತು, ಅಗುಳಿ ಬಿತ್ತು. ಕಿಟಕಿಗಳೆಲ್ಲ ಆಳೆತ್ತರದ ಮೇಲೆ. ನೆಲದಡಿಯಿಂದ ಯಂತ್ರಗಳ ಗುಂಯ್‌ಗುಡುವ ಸದ್ದು ಅಂಗಾಲಿಗೆ ತಾಗುತ್ತಿತ್ತು. ಆ ಸದ್ದಿನೊಳಗೆಲ್ಲೋ ಅಣ್ಣನಿದ್ದಾನೆ ಎಂದುಕೊಂಡ ದ್ಯಾಮಣ್ಣ. ಅವನ ಜೊತೆ ಸಿಕ್ಕಿಬಿದ್ದವರು ಇಬ್ಬರು: ಸಾಹುಕಾರನ ಮಗನೊಬ್ಬ, ಪರದೇಶದಲ್ಲಿ ಓದಿದ ಪಂಡಿತನೊಬ್ಬ.

ದೊರೆಯೂ ಸಭೆಯವರೂ ನೋಡುತ್ತಿರಲು ಸಿಂಗಾರದೇವಿ ಮೊದಲನೆಯ ಒಗಟನ್ನು ಕೇಳಿದಳು. "ಅದಕ್ಕೆ ಬೇರೆ ಮನೆ ಬೇಡ, ಕಾಯುವ ಆಳು ಬೇಡ. ಜೇಬಿನಲ್ಲೇ ಇದ್ದುಬಿಡುತ್ತದೆ. ಓದಲು ಎಷ್ಟು ಜನ ಬಂದರೂ ಸರಿ, ಬರೆಯಲು ಮಾತ್ರ ಒಬ್ಬರಾದ ಮೇಲೆ ಒಬ್ಬರು. ಯಾವುದದು?"

"ಪೋಸ್ಟ್‌ಗ್ರೆಸ್!" ಎಂದ ಸಾಹುಕಾರನ ಮಗ. ಅವನು ಬಲ್ಲದ್ದು ಆ ಹೆಸರೊಂದೇ.

"ಅದಕ್ಕೆ ಮನೆಯೂ ಬೇಕು, ಆಳೂ ಬೇಕು" ಎಂದಳು ರಾಜಕುಮಾರಿ. ಭಟರು ಅವನನ್ನು ನೆಲಮಾಳಿಗೆಗೆ ಇಳಿಸಿದರು. ಅವನು ಅಪ್ಪನನ್ನು ಕೂಗುತ್ತಲೇ ಹೋದ.

ದ್ಯಾಮಣ್ಣ ಮುಂದೆ ಬಂದ. "ಎಸ್‌ಕ್ಯೂಲೈಟ್ ಅಲ್ರಿ, ಅವ್ವಾರ? ಬರೇ ಒಂದು ಫೈಲ್ ಅದು. ನಮ್ಮ ಅಡತಿ ಅಂಗಡ್ಯಾಗ ಅದನ್ನ ಇಟ್ಟೀವಿ. ಇಬ್ಬರು ಕೂಡೇ ತೂಕ ಬರಿಯಾಕ ಹ್ವಾದ್ರ ಒಬ್ಬಾಂವ ಕಾಯಬೇಕಾಗ್ತೈತಿ."

ಅವಳು ತಲೆಯಾಡಿಸಿ ಎರಡನೆಯದನ್ನು ಕೇಳಿದಳು. "ಒಬ್ಬ ತಂದೆ ತಾನು ಕಟ್ಟಿದ ಎರಡಕ್ಕೆ ತನ್ನ ಇಬ್ಬರು ಹೆಣ್ಣುಮಕ್ಕಳ ಹೆಸರಿಟ್ಟ. ದೊಡ್ಡದು ಸಿರಿವಂತರ ಮನೆ ಸೇರಿತು. ಆಗ ಅದರದೇ ಒಡಲಿನಿಂದ ಚಿಕ್ಕದನ್ನು ಬೇರೆ ಬೆಳೆಸಿದ. ಯಾವುವು ಅವು? ಒಂದರ ಸೀರೆ ಇನ್ನೊಂದಕ್ಕೆ ಹೊಂದುತ್ತದೆಯೇ?"

"ಮೈಎಸ್‌ಕ್ಯೂಎಲ್, ಮರಿಯಾಡಿಬಿ. ಎರಡರ ಮುಂಭಾಗವೇ ಆ ಮಕ್ಕಳ ಹೆಸರು. ಹೆಸರು ಎರಡು, ವಸ್ತು ಒಂದೇ. ಕಣ್ಣುಮುಚ್ಚಿ ಉಡಿಸಬಹುದು" ಎಂದ ಪಂಡಿತ, ನಗುತ್ತ. ಭಟರು ಅವನ ರಟ್ಟೆ ಹಿಡಿದಾಗಲೂ ಅರ್ಧ ನಗು ತುಟಿಯ ಮೇಲೇ ಇತ್ತು.

"ಹೆಸರು ಅವ ಖರೇ" ಎಂದ ದ್ಯಾಮಣ್ಣ. "ಮೊದಲ ಹೊಂದತಿತ್ತು. ಈಗ ಇಬ್ಬರೂ ತಮ್ಮ ತಮ್ಮ ಪರಿ ಬೆಳದಾರ್ರಿ. ಕಣ್ಣು ಮುಚ್ಚಿ ಉಡಸಬಾರದು, ಉಡಿಸಿ ನೋಡಬೇಕು."

ಉಳಿದವನು ಅವನೊಬ್ಬನೇ. ರಾಜಕುಮಾರಿ ಮೂರನೆಯದಕ್ಕೆ ಬಾಯಿ ತೆರೆದಳು, ಅಷ್ಟರಲ್ಲಿ ಅವಳ ಮಣಿಕಟ್ಟಿನ ಗಂಟೆ ಕಿಣಿಕಿಣಿ ಎಂದಿತು. ಕೆಳಗೆ ಯಂತ್ರ ಕೆಟ್ಟರೆ ಅಲ್ಲಿದ್ದವರು ಎಳೆಯಲೆಂದು ಗಂಟೆಗೆ ಕಟ್ಟಿದ ದಾರ ನೆಲದ ತೂತಿನಲ್ಲಿ ಇಳಿದುಹೋಗಿತ್ತು. ಅವಳು ಮಾತನ್ನು ಅಲ್ಲಿಗೇ ಬಿಟ್ಟು ಕೆಳಗೆ ಓಡಿದಳು. ಎಷ್ಟೋ ಹೊತ್ತಿನ ಮೇಲೆ ಬೆವರೊರೆಸಿಕೊಳ್ಳುತ್ತ ಬಂದಳು.

"ಇವೆಲ್ಲವೂ ಪುಕ್ಕಟೆ. ಆದರೂ ತಂದುಕೊಂಡವರೆಲ್ಲ ಒಂದು ಬೆಲೆ ಕೊಡಲೇಬೇಕು. ಅದು ಹಣವಲ್ಲ, ಯಂತ್ರವಲ್ಲ. ಏನದು?"

ದ್ಯಾಮಣ್ಣ ಅವಳ ಕೆಂಪಾದ ಕಣ್ಣು ನೋಡಿದ. ತನ್ನ ಹೆದರಿಕೆ ಮರೆತು ಅವಳಿಗಾಗಿ ಮರುಗಿದ.

"ನಮ್ಮ ಹಮಾಲರೊಳಗ ಒಂದು ಪದ್ಧತಿ ಐತ್ರಿ. ಅತ್ಲಾಗ ಇಳಸಾಂವ ಯಾರು ಅಂತ ಗೊತ್ತಾಗೋತನಕ ನಾವು ಅಂಡಿಗಿಗೆ ಕೈ ಹಚ್ಚಂಗಿಲ್ಲ. ಯಾಕಂದ್ರ ತಲಿಮ್ಯಾಲಿನ ಭಾರ ಒಬ್ಬನ ಕೈಲೆ ಇಳಿಯೂದಿಲ್ಲ. ನೀವು ಕೇಳಿದ ಬೆಲಿ ಅಂದ್ರ ಆ ಡೇಟಾಬೇಸ್ ಹೊತ್ತು ನಿಂತ ಮನಶ್ಯಾ. ಇಲ್ಲಿ ಆ ಮನಶ್ಯಾ ನೀವ ಅದೀರಿ, ಅವ್ವಾರ. ಕೆಳಗಿನವರು ಗಂಟಿ ಬಾರಸ್ತಾರ, ನಿಮ್ಮ ಭಾರ ಇಳಸಾಕ ಯಾರೂ ಇಲ್ಲ."

ರಾಜಕುಮಾರಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ದೊರೆ ಮಾತ್ರ ಕುಣಿದಾಡಿದ. ಎದ್ದು ಬಂದವನೇ ಮಗಳ ಕೈಯಿಂದ ಗಂಟೆ ಬಿಚ್ಚಿ ದ್ಯಾಮಣ್ಣನ ಕೈಗೆ ಬಿಗಿದ. "ಶಹಬ್ಬಾಸ್, ಅಳಿಯ! ಇಷ್ಟು ತಿಳಿದವನು ನೀನು. ಇನ್ನು ಇದನ್ನೆಲ್ಲ ನೀನೇ ನೋಡಿಕೊಳ್ಳಬೇಕು, ಕಡೆಯ ಉಸಿರಿನ ತನಕ."

ಸೋತವರಿಗೂ ಅದೇ ಕೋಣೆ, ಗೆದ್ದವನಿಗೂ ಅದೇ ಕೋಣೆ! ಆದರೆ ಹಮಾಲನಿಗೆ ಭಾರ ಹಂಚುವುದು ಹೊಸದಲ್ಲ.

"ಅರ್ಧ ರಾಜ್ಯ ನಂದಾತಲ್ರಿ, ದೊರೀ?"

"ಆಯಿತು. ಕೊಟ್ಟ ಮಾತು."

"ಹಂಗಾದ್ರ ನೆಲಮಾಳಗಿ ನನ್ನ ಅರ್ಧದಾಗ ಬರ್ಲಿ. ಬಾಗಿಲಾ ತಗೀರಿ."

ದೊರೆ ಮೀಸೆ ಕಡಿದ. ಆದರೆ ತುಂಬಿದ ಸಭೆಯಲ್ಲಿ ಆಡಿದ ಮಾತನ್ನು ನುಂಗುವುದು ಹೇಗೆ? ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಳ್ಳುತ್ತ ಮೇಲೆ ಬಂದರು. ಅವರಲ್ಲಿ ಬಹಳ ಮಂದಿ ಕೆಳಗೆ ಕೂತು ಕೂತು ಆ ಕೆಲಸವನ್ನು ಚೆನ್ನಾಗಿ ಕಲಿತಿದ್ದರು. ಸಂಬಳ ಪಡೆದು ಪಾಳಿಯ ಮೇಲೆ ದುಡಿಯಲು ಒಪ್ಪಿದವರು ಉಳಿದರು, ಮಿಕ್ಕವರು ಮನೆ ಹಿಡಿದರು.

ಯಾವುದನ್ನು ತರಬೇಕೆಂದೂ ದ್ಯಾಮಣ್ಣ ಬಿಡಿಸಿ ಹೇಳಿದ. ಖಜಾನೆಗೆ ಪೋಸ್ಟ್‌ಗ್ರೆಸ್, ಅದು ಅಳತೆ ತಪ್ಪಿದ್ದನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಒಬ್ಬನೇ ಕೂರುವ ಸುಂಕದ ಕಟ್ಟೆಗೆ ಎಸ್‌ಕ್ಯೂಲೈಟ್ ಸಾಕು. ಪೇಟೆಯ ಧಾರಣೆ ತೋರಿಸುವಲ್ಲಿ ಅಕ್ಕತಂಗಿಯರಲ್ಲಿ ಒಂದು, ಯಾವುದನ್ನು ಬಲ್ಲ ಜನ ಊರಲ್ಲಿದ್ದಾರೋ ಅದು.

ಮದುವೆಯ ಮಾತು ಬಂದಾಗ ಸಿಂಗಾರದೇವಿ, "ಮೊದಲು ನಾನು ಊರು ನೋಡಿ ಬರುತ್ತೇನೆ, ಆಮೇಲೆ ನೋಡೋಣ" ಎಂದಳು. ದ್ಯಾಮಣ್ಣನಿಗೂ ಅದೇ ಸರಿಯೆನಿಸಿತು.

ಎಲ್ಲರಿಗಿಂತ ಕಡೆಗೆ ಮೇಲೆ ಬಂದವನು ಫಕೀರಪ್ಪ. ತಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದವನು ತಟ್ಟನೆ ಗಾಬರಿಯಾಗಿ ಹಿಂತಿರುಗಿ ನೋಡಿದ.

"ಏ ತಮ್ಮಾ, ನಾನೂ ಬಂದ್ನೆಲ್ಲೋ! ಈಗ ಕೆಳಗ ಯಾರದಾರ?"

"ದೊರಿ ಅದಾರ" ಎಂದ ದ್ಯಾಮಣ್ಣ, ಗಂಟೆ ಬಿಚ್ಚಿದ ಕೈ ತೋರಿಸುತ್ತ. "ಉಳದ ಅರ್ಧ ರಾಜ್ಯ ಅವರದಲ್ಲೇನು? ಅರ್ಧ ಭಾರಾನೂ ಅವರ ಹೊರಬೇಕು. ಇವತ್ತಿನ ಪಾಳಿ ಅವರದು. ನಡಿ ಅಣ್ಣಾ, ಅವ್ವ ಕಾಯಾಕತ್ಯಾಳ."